‘ಅಡ್ಡಿ ಇಲ್ರಿ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಎರಡು ವರ್ಷದ ಹಿಂದೆ, ನಾನು ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ಬಿ.ಕಾಂ. ಸೇರಿದ ಮೊದಲನೇ ವಾರ. ಲೈಬ್ರರಿಯಲ್ಲಿ ಕೂತಿದ್ದೆ. ವಿದ್ಯಾರ್ಥಿನಿಯೊಬ್ಬಳು ಬಂದು ಪಕ್ಕದ ಖುರ್ಚಿ ತೋರಿಸಿ, ‘ವುಡ್ ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಎಂದು ಕೇಳಿದಳು. ನಾನು ಗಡಬಡಿಸಿ ಎದ್ದು ನಿಂತು ಬಾಯ್ತುಂಬ ‘ಯೆಸ್, ಯೆಸ್’ ಎಂದೆ. ಆಕೆ ‘ಓ, ಸಾರಿ’ ಎಂದು ಆಚೆ ಮೇಜಿಗೆ ಹೋಗಿಬಿಟ್ಟಳು. ನನಗೆ ತಿಳಿದದ್ದು ರಾತ್ರಿ, ರೂಮಿನ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕಾಗ. ‘ಮೈಂಡ್’ ಅಂದರೆ ಇಲ್ಲಿ ಮನಸ್ಸಲ್ಲ, ಅಡ್ಡಿ. ನಾ ಕೂತರೆ ನಿಮಗೇನಾದರೂ ಅಡ್ಡಿಯೇ ಎಂದು ಆಕೆ ಕೇಳಿದ್ದಳು. ಹೌದು, ಅಡ್ಡಿ ಎಂದು ನಾನು ಎದ್ದು ನಿಂತು ಹೇಳಿದ್ದೆ!

ಇದು ನಗೋದಕ್ಕೆ ಚಲೋ. ಇನ್ನೊಂದು ಸಂಗತಿಗೆ ನಗು ಬರೋದಿಲ್ಲ. ನನ್ನ ಹಾಗೆಯೇ ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯನೊಬ್ಬ, ಮರಾಠಿ ಇನ್ನೂ ಬಾರದ ದಿನಗಳಲ್ಲಿ, ಒಂದು ಆಫೀಸಿನ ಕಿಟಕಿಯಲ್ಲಿ ‘ಗಿವ್ ಮಿ ಸ್ಕಾಲರ್‌ಶಿಪ್ ಫಾರ್ಮ್’ ಎಂದ. ಒಳಗಿದ್ದವರು ಸಾಲಿನಲ್ಲಿ ನಿಂತ ಎಲ್ಲರೆದುರು, ಮೊದಲು ಮ್ಯಾನರ್ಸ್ ಕಲಿತು ಬಾ ಎಂದು ಗದರಿಸಿದರು. ಅವನು ಮತ್ತೆ ಆ ಕಿಟಕಿಯತ್ತ ಹೋಗಲೇ ಇಲ್ಲ. ಕೊನೇ ತಾರೀಖು ದಾಟಿತು, ಆ ವರ್ಷದ ಸ್ಕಾಲರ್‌ಶಿಪ್ಪೂ ಹೋಯಿತು.

ಅವನಿಗೆ ಸೊಕ್ಕೇ? ಅವನ ತಲೆಯಲ್ಲಿದ್ದ ಮಾತು ‘ಫಾರ್ಮ್ ಕೊಡ್ರಿ’. ಮರ್ಯಾದೆಯೆಲ್ಲ ಆ ‘ರಿ’ಯಲ್ಲಿತ್ತು. ಇಂಗ್ಲಿಷಿಗೆ ದಾಟುವಾಗ ‘ಕೊಡು’ ದಾಟಿತು, ‘ರಿ’ ಈಚೆ ದಂಡೆಯಲ್ಲೇ ಉಳಿಯಿತು. ‘ಗಿವ್’ ಎಂಬುದು ಪ್ರಿನ್ಸಿಪಾಲರಿಗೂ ಅಷ್ಟೇ, ತಮ್ಮನಿಗೂ ಅಷ್ಟೇ. ಅದಕ್ಕೆ ಬಹುವಚನ ಹಚ್ಚಲು ಜಾಗವಿಲ್ಲ. ಅದಕ್ಕೇ ಅವರು ಪ್ರಶ್ನೆ ಮಾಡಿ ಕೇಳುತ್ತಾರೆ: ‘ಕುಡ್ ಯು ಗಿವ್ ಮಿ ದ ಫಾರ್ಮ್?’ ಒಂದು ‘ಪ್ಲೀಸ್’ ಸೇರಿಸಿದರೆ ಎಲ್ಲ ಸರಿಹೋಗುತ್ತದೆಂದು ನಮ್ಮಲ್ಲಿ ಬಹಳ ಜನರ ನಂಬಿಕೆ. ‘ಪ್ಲೀಸ್ ಗಿವ್ ಮಿ’ ಅಂದರೂ ಅದು ಅಪ್ಪಣೆಯೇ, ಜರಾ ಮೆತ್ತಗಿನ ಅಪ್ಪಣೆ. ನಮ್ಮ ‘ದಯವಿಟ್ಟು’ ಕೂಡ ಹಾಗೇ ಅಲ್ಲವೇ? ‘ದಯವಿಟ್ಟು ಚಪ್ಪಲಿ ಇಲ್ಲಿ ಬಿಡಿ’ ಎಂದು ಬೋರ್ಡಿನಲ್ಲಿ ಓದುತ್ತೇವೆ. ಊಟಕ್ಕೆ ಕೂತಾಗ ‘ದಯವಿಟ್ಟು ಸಾರು ಬಡಿಸಿ’ ಅಂತ ಯಾರೂ ಅನ್ನೋದಿಲ್ಲ. ‘ವೈನಿ, ಜರಾ ಸಾರು ಹಾಕ್ತೀರೇನು?’ ಅಂತೀವಿ. ಅದೂ ಪ್ರಶ್ನೆಯೇ. (ಈ ‘ಜರಾ’ ಪುಣೆಯ ಮರಾಠಿಯಲ್ಲೂ ಇದೆ, ಮಾಡುವ ಕೆಲಸವೂ ಅದೇ.)

ಶಾಲೆಯಲ್ಲಿ ಕ್ಯಾನ್–ಕುಡ್, ವಿಲ್–ವುಡ್ ಎಂದು ಉರು ಹೊಡೆದೆವು. ಎರಡನೆಯದು ಭೂತಕಾಲ ಎಂದರು, ಮುಗಿಯಿತು. ಈಗಿನ ಕೆಲಸಕ್ಕೆ ಭೂತಕಾಲ ಯಾಕೆ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಆದರೆ ಮಾಸ್ತರರ ಮನೆ ಬಾಗಿಲಲ್ಲಿ ನಿಂತು ನಾವು ಏನಂತೀವಿ? ‘ಸರ್, ನಿಮ್ಮ ಕಡೆ ಒಂದು ಕೆಲಸ ಇತ್ರಿ.’ ಕೆಲಸ ಇರೋದು ಈಗಲೇ! ಮೈಮೇಲೆ ಬಿದ್ದು ಕೇಳಬಾರದು ಎಂದು ಮಾತನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸುತ್ತೇವೆ. ‘ಕುಡ್’, ‘ವುಡ್’ ಅದನ್ನೇ ಮಾಡುತ್ತವೆ. ಇನ್ನು ‘ವುಡ್ ಯು ಮೈಂಡ್’ಗೆ ಒಪ್ಪಿಗೆಯ ಉತ್ತರ ‘ನಾಟ್ ಅಟ್ ಆಲ್’. ನಮ್ಮ ಕಡೆ ದಿನಕ್ಕೆ ಹತ್ತು ಸಲ ಹೇಳುವ ‘ಅಡ್ಡಿ ಇಲ್ರಿ’ ಇದೇ ಅಲ್ಲವೇ? ಇಂಗ್ಲಿಷರೇ ಎಷ್ಟೋ ಸಲ ‘ಶೂರ್’ ಅಂದುಬಿಡುತ್ತಾರೆ, ದನಿಯಿಂದಲೇ ಅರ್ಥವಾಗುತ್ತದೆ. ನಾವು ಮಾತ್ರ ‘ಯೆಸ್’ ಅನ್ನದಿದ್ದರೆ ಸಾಕು. ಇಲ್ಲ ಅನ್ನುವಾಗ ಅವರು ‘ಐ ಯಾಮ್ ಅಫ್ರೇಡ್’ ಎಂದು ಶುರು ಮಾಡುತ್ತಾರೆ. ಅಲ್ಲಿ ಯಾರೂ ಯಾರಿಗೂ ಹೆದರಿರುವುದಿಲ್ಲ.

ಇಷ್ಟನ್ನು ಹೇಳಿಕೊಡಲು ಎಷ್ಟು ತಾಸು ಬೇಕು? ಕಾಮರ್ಸಿನವರಾದ ನಮಗೆ ವ್ಯಾಪಾರಿ ಪತ್ರಗಳನ್ನು ಅಂಕಗಳಿಗಾಗಿ ಕಲಿಸಿದ್ದಾರೆ. ‘ವಿ ಶಲ್ ಬಿ ಆಬ್ಲೈಜ್ಡ್’ ಎಂದು ಕಾಗದದ ಮೇಲೆ ಯಾವ ಕಂಪನಿಗಾದರೂ ಕೈ ಮುಗಿಯಬಲ್ಲೆವು. ಕ್ಯಾಂಟೀನಿನಲ್ಲಿ ಒಂದು ಖುರ್ಚಿ ಕೇಳಲು ಬಾಯಿ ಬರೋದಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಇಂಗ್ಲಿಷ್ ಮಾಧ್ಯಮದಲ್ಲಿ ಬೆಳೆದ ನಮ್ಮವರ ಹುಡುಗ ರಜೆಗೆ ಊರಿಗೆ ಹೋಗಿ, ಎಪ್ಪತ್ತು ವರ್ಷದ ಅಜ್ಜನಿಗೆ ‘ನೀ ಇಲ್ಲಿ ಬಾ, ನೀರು ಕೊಡು’ ಅಂದರೆ ಎಲ್ಲರೂ ‘ಪಾಪ, ಕನ್ನಡ ಬರೋದಿಲ್ಲ’ ಎಂದು ನಗುತ್ತಾರೆ. ಅವನದು ಭಾಷೆಯ ತಪ್ಪು. ಅದೇ ತಪ್ಪನ್ನು ನನ್ನ ಗೆಳೆಯ ಇಂಗ್ಲಿಷಿನಲ್ಲಿ ಮಾಡಿದರೆ ಅದು ಸಂಸ್ಕಾರದ ತಪ್ಪು! ಇದು ಯಾವ ನ್ಯಾಯ?

ಈ ವರ್ಷವೂ ನಮ್ಮ ಸಂಘಕ್ಕೆ ಕನ್ನಡ ಮಾಧ್ಯಮದ ಹೊಸ ಹುಡುಗ-ಹುಡುಗಿಯರು ಬಂದಿದ್ದಾರೆ. ಕಾರ್ಯದರ್ಶಿಗಳ ಕಡೆ ಒಂದು ಕೆಲಸ ಇತ್ತು: ಶನಿವಾರದ ಸಭೆ ಮುಗಿದ ಮೇಲೆ ಅರ್ಧ ತಾಸು ಇದಕ್ಕೆ ಕೊಡ್ತೀರೇನ್ರಿ? ಒಬ್ಬರು ಕಿಟಕಿಯ ಒಳಗಿನವರಾಗಲಿ, ಒಬ್ಬರು ಹೊರಗಿನವರಾಗಲಿ, ಫಾರ್ಮ್ ಕೇಳುವುದನ್ನು ನಾವು ನಾವೇ ರೂಢಿ ಮಾಡಿಕೊಳ್ಳೋಣ. ನನ್ನ ಗೆಳೆಯನೂ ಬರ್ತೀನಿ ಅಂದಿದ್ದಾನೆ. ಅವನಿಗೆ ಒಳಗಿನ ಪಾತ್ರವೇ ಬೇಕಂತೆ.