ಆಯ್ದ ಹಾಡುಗಳು, ಅಳಿಸಿದ ದಾರಿ

ಆಯ್ದು ಕೊಡುವುದೂ ಒಂದು ಬಗೆಯ ವಿಮರ್ಶೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಇರಿಸಬೇಕು ಎಂಬ ನಿರ್ಣಯಗಳಲ್ಲಿ ಸಂಕಲನಕಾರನ ಅಭಿರುಚಿಯೂ ಹೊಣೆಯೂ ಅಡಗಿರುತ್ತವೆ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಕಟ್ಟಿದಾಗ ಪದ್ಯಗಳನ್ನು ಅವುಗಳ ಕಾವ್ಯಗಳಿಂದ ಬಿಡಿಸಿ, ವರ್ಣನೆಯ ವಿಷಯಗಳಿಗೆ ಅನುಸಾರವಾಗಿ ಜೋಡಿಸಿದನು. ಮೂಲಕಾವ್ಯವು ಕಣ್ಮರೆಯಾಗಿ ಸಂಕಲನದಲ್ಲಿ ಮಾತ್ರ ಬದುಕಿ ಉಳಿದ ಪದ್ಯಗಳೂ ನಮ್ಮಲ್ಲಿ ಉಂಟು. ಆದುದರಿಂದ ಇಂತಹ ಸಂಕಲನಕಾರರಿಗೆ ನಾವು ಋಣಿಗಳು. ಆದರೆ ಮೂಲವು ಕೈಗೆಟುಕುವಂತಿರುವಾಗ ಸಂಕಲನವು ನಮಗೆ ಏನನ್ನು ಕೊಡುತ್ತದೆ, ಏನನ್ನು ಕಳೆಯುತ್ತದೆ? ಸಾಹಿತ್ಯಕ್ಕೆ ಬಲು ದೂರದ್ದೆಂದು ನಮ್ಮಲ್ಲಿ ಹಲವರು ಎಣಿಸುವ ಒಂದು ಕಲೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಎತ್ತಲು ಬಯಸುತ್ತೇನೆ.

ಅಮೆರಿಕದ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಹುಟ್ಟಿದ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಹಿಪ್ ಹಾಪ್ ಕಲೆಯ ಹೆಸರಾಂತ ಮೇಳ. ಪ್ರಾಸಬದ್ಧವಾದ ಮಾತನ್ನು ರಾಗವಾಗಿ ಹಾಡದೆ ತಾಳಕ್ಕೆ ಹೊಂದಿಸಿ ನುಡಿಯುವುದು ಈ ಕಲೆಯ ಒಂದು ಅಂಗ. ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಅದಕ್ಕೆ ಹಿನ್ನೆಲೆಯಾಗಿ ಹೊಸದಾಗಿ ಹೆಣೆಯುವುದು ಇನ್ನೊಂದು ಅಂಗ. ಬಾಲ್ಯಸ್ನೇಹಿತರಾದ ಕ್ಯೂ-ಟಿಪ್ ಮತ್ತು ಫೈಫ್ ಡಾಗ್ ಈ ಮೇಳದ ನುಡಿಕಾರರು. ಅಲಿ ಶಹೀದ್ ಮುಹಮ್ಮದ್ ಮುದ್ರಿಕೆಗಳನ್ನು ನುಡಿಸುವವರು. ಜರೋಬಿ ವೈಟ್ ಮೊದಲಿನ ದಿನಗಳಲ್ಲಿಯೂ ಕೊನೆಯಲ್ಲಿಯೂ ಜೊತೆಗಿದ್ದವರು. 1990ರಿಂದ 1998ರವರೆಗೆ ಆಲ್ಬಮ್ ಎಂದು ಕರೆಯುವ ಐದು ಸಂಪುಟಗಳನ್ನು ಹೊರತಂದು ಮೇಳವು ಚದುರಿತು. 1999ರಲ್ಲಿ ‘ದಿ ಆಂಥಾಲಜಿ’ ಎಂಬ ಹೆಸರಿನಿಂದ ಅವರ ಜನಪ್ರಿಯ ಹಾಡುಗಳ ಸಂಕಲನ ಹೊರಬಂದಿತು.

ಈ ಸಂಕಲನವನ್ನು ಹಗುರವಾಗಿ ಕಾಣಲಾಗದು. ಐದು ಸಂಪುಟಗಳನ್ನು ಕೇಳುವಷ್ಟು ಬಿಡುವಿಲ್ಲದ ಹೊಸ ರಸಿಕನಿಗೆ ಇದು ಒಳ್ಳೆಯ ಪ್ರವೇಶದ್ವಾರ. ‘ಬೊನೀಟಾ ಆಪಲ್‌ಬಮ್’, ‘ಅವಾರ್ಡ್ ಟೂರ್’, ‘ಎಲೆಕ್ಟ್ರಿಕ್ ರಿಲ್ಯಾಕ್ಸೇಷನ್’ ಮೊದಲಾದವು ಒಂದೆಡೆ ದೊರೆತಾಗ ಮೇಳದ ಲಕ್ಷಣವು ಬೇಗನೆ ಗೋಚರಿಸುತ್ತದೆ: ಅಬ್ಬರವಿಲ್ಲದ ತಾಳ, ಜಾಸ್ ಸಂಗೀತದ ನೆರಳು, ಬೀದಿಯ ಮೂಲೆಯಲ್ಲಿ ಗೆಳೆಯರು ಹರಟುವಂತಹ ಸರಸ. ನನ್ನ ಆಕ್ಷೇಪವಿರುವುದು ಹಾಡುಗಳ ಆಯ್ಕೆಯ ಮೇಲಲ್ಲ, ಅವುಗಳ ಜೋಡಣೆಯ ಮೇಲೆ.

ಹಾಡುಗಳು ಹುಟ್ಟಿದ ಕ್ರಮದಲ್ಲಿಲ್ಲ. 1991ರ ಹಾಡಿನ ಬೆನ್ನಿಗೆ 1990ರದು, ಅದರ ಬೆನ್ನಿಗೆ 1993ರದು. ಇದರಿಂದ ಮೊದಲು ಮರೆಯಾಗುವುದು ಫೈಫ್ ಡಾಗ್ ಅವರು ಬೆಳೆದ ಬಗೆ. 1990ರ ಮೊದಲ ಸಂಪುಟವು ಬಹುಮಟ್ಟಿಗೆ ಕ್ಯೂ-ಟಿಪ್ ಅವರದು. ಫೈಫ್ ದನಿ ಕೇಳಿಬರುವುದು ಕೆಲವೇ ಹಾಡುಗಳಲ್ಲಿ. ಮರುವರ್ಷದ ‘ದಿ ಲೋ ಎಂಡ್ ಥಿಯರಿ’ಯ ಎರಡನೆಯ ಹಾಡು ‘ಬಗಿನ್ ಔಟ್’ ತೊಡಗುವುದೇ ಅವರ ನುಡಿಯಿಂದ. ಹಿಂದೆ ನಿಂತಿದ್ದ ತರುಣನು ಸಂಕೋಚವನ್ನು ಕೊಡವಿ ಮುಂದೆ ಬಂದಂತಿದೆ ಆ ಆರಂಭ. ಅದೇ ಸಂಪುಟದ ‘ಚೆಕ್ ದ ರೈಮ್’ನಲ್ಲಿ ಗೆಳೆಯರಿಬ್ಬರೂ ಒಬ್ಬರ ಕರೆಗೆ ಒಬ್ಬರು ಓಗೊಡುತ್ತ ಸಮಸಮವಾಗಿ ನಿಲ್ಲುತ್ತಾರೆ. ಒಂದೇ ವರ್ಷದ ಅಂತರದಲ್ಲಿ ಒಬ್ಬ ಕಲಾವಿದ ತನ್ನ ದನಿಯನ್ನು ಕಂಡುಕೊಂಡ ವೃತ್ತಾಂತವಿದು. ಸಂಕಲನದಲ್ಲಿ ಈ ಎರಡು ಹಾಡುಗಳೂ ಇವೆ. ವೃತ್ತಾಂತ ಮಾತ್ರ ಇಲ್ಲ. ಸಾಲದೆಂಬಂತೆ, ಕ್ಯೂ-ಟಿಪ್ ಒಬ್ಬರೇ ಹೊರತಂದ ‘ವೈವ್ರಂಟ್ ಥಿಂಗ್’ ಸಹ ಇದರಲ್ಲಿ ಸೇರಿಕೊಂಡಿದೆ. ಇಬ್ಬರ ಸಂವಾದವೇ ಜೀವಾಳವಾದ ಮೇಳದ ಸಂಕಲನದಲ್ಲಿ ಏಕಾಕಿಯ ನುಡಿಗೆ ಏನು ಕೆಲಸ?

ಇನ್ನು ಸಂಪುಟಗಳ ಒಳಗಣ ಕಟ್ಟಡ. ‘ದಿ ಲೋ ಎಂಡ್ ಥಿಯರಿ’ ಹೆಸರಿಗೆ ತಕ್ಕಂತೆ ಮಂದ್ರಸ್ಥಾಯಿಯ ಮೇಲೆ ನಿಂತ ಕೃತಿ. ಅದರ ಒಂದು ಹಾಡಿನಲ್ಲಿ 1960ರ ದಶಕದಲ್ಲಿ ಮೈಲ್ಸ್ ಡೇವಿಸ್ ಅವರ ಮೇಳದಲ್ಲಿದ್ದ ರಾನ್ ಕಾರ್ಟರ್ ಅವರೇ ಬಾಸ್ ನುಡಿಸಿದ್ದಾರೆ. ಅಷ್ಟು ಮಿತವಾದ ನುಡಿ ಮತ್ತು ನಾದಗಳನ್ನು ಕೇಳಿದ ಮೇಲೆ ಕಟ್ಟಕಡೆಗೆ ಬರುವ ‘ಸಿನಾರಿಯೋ’ದಲ್ಲಿ ಇನ್ನೊಂದು ಮೇಳದ ಗೆಳೆಯರೂ ನುಗ್ಗಿಬಂದು ಹಬ್ಬದ ಗದ್ದಲವನ್ನೆಬ್ಬಿಸುತ್ತಾರೆ. ಸಂಕಲನದಲ್ಲಿ ‘ಸಿನಾರಿಯೋ’ ಸಾಲಿನ ನಡುವಣ ಮತ್ತೊಂದು ಹಾಡು. 1993ರ ‘ಮಿಡ್‌ನೈಟ್ ಮರಾಡರ್ಸ್’ನಲ್ಲಿ ಹೆಣ್ಣುದನಿಯೊಂದು ಕೇಳುಗನ ಕೈಹಿಡಿದು ಹಾಡಿನಿಂದ ಹಾಡಿಗೆ ನಡೆಸುತ್ತದೆ, ಹಾಡುಗಳು ತಮ್ಮ ಕ್ರಮದಲ್ಲಿದ್ದಾಗಲೇ ಆ ದನಿಗೆ ಅರ್ಥ.

ಇಲ್ಲಿ ವಿಚಾರವಂತನಾದ ವಾಚಕನು ನನ್ನನ್ನು ತಡೆದು ಕೇಳಬಹುದು: “ಹಿಪ್ ಹಾಪ್ ಹುಟ್ಟಿದ್ದೇ ಆಯ್ಕೆಯಿಂದಲ್ಲವೆ? ಇತರರ ಹಾಡನ್ನು ತುಂಡರಿಸಿದವರ ಹಾಡನ್ನು ತುಂಡರಿಸಿದರೆ ತಪ್ಪೇನು?” ಪ್ರಶ್ನೆ ನ್ಯಾಯವಾದುದೇ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಜಮೈಕಾ ಮೂಲದ ಕೂಲ್ ಹರ್ಕ್ ನಡೆಸಿಕೊಟ್ಟ ಸಂತೋಷಕೂಟವನ್ನು ಈ ಕಲೆಯ ಜನ್ಮದಿನವೆಂದು ಎಣಿಸುವುದು ವಾಡಿಕೆ. ಹಾಡಿನ ನಡುವೆ ತಾಳವಾದ್ಯವೊಂದೇ ಮೊಳಗುವ ಭಾಗವನ್ನು ಆಯ್ದು, ಒಂದೇ ಮುದ್ರಿಕೆಯ ಎರಡು ಪ್ರತಿಗಳಿಂದ ಅದನ್ನು ಮತ್ತೆ ಮತ್ತೆ ನುಡಿಸಿ ಕುಣಿಯುವವರಿಗೆ ಒದಗಿಸಿದ್ದು ಅವರ ಜಾಣ್ಮೆ. ನಮ್ಮ ಮೇಳದವರೂ ಆ ದಾರಿಯವರೇ. ‘ಕ್ಯಾನ್ ಐ ಕಿಕ್ ಇಟ್?’ ಹಾಡಿಗೆ ಲೂ ರೀಡ್ ಅವರ 1972ರ ಹಾಡೊಂದರ ಬಾಸ್ ನಡೆಯೇ ಬೆನ್ನೆಲುಬು. ‘ಎಲೆಕ್ಟ್ರಿಕ್ ರಿಲ್ಯಾಕ್ಸೇಷನ್’ಗೆ ರಾನಿ ಫಾಸ್ಟರ್ ಅವರ ಜಾಸ್ ಕೃತಿಯ ತುಣುಕು.

ಆದರೆ ಎರಡು ಆಯ್ಕೆಗಳಿಗೂ ಇರುವ ಅಂತರವನ್ನು ಗಮನಿಸಬೇಕು. ಮೇಳದವರು ತುಣುಕನ್ನು ಬಿಡಿಸಿ ತಂದು ಹೊಸದೊಂದು ಪೂರ್ಣದಲ್ಲಿ ಅದಕ್ಕೆ ಮನೆ ಕಟ್ಟಿಕೊಟ್ಟರು. ಅವರಿಂದಾಗಿ ಎಷ್ಟೋ ತರುಣರು ಜಾಸ್ ಮುದ್ರಿಕೆಗಳನ್ನು ಹುಡುಕಿಕೊಂಡು ಹೋದರು. ‘ದಿ ಆಂಥಾಲಜಿ’ಯಾದರೋ ಹಾಡನ್ನು ಮನೆಯಿಂದ ಹೊರಡಿಸಿ, ಬೇರೆ ಮನೆಯನ್ನು ಕಟ್ಟದೆ, ಸಾಲಿನಲ್ಲಿ ನಿಲ್ಲಿಸುತ್ತದೆ. ಆಯ್ಕೆ ತಪ್ಪಲ್ಲ, ಹೊಸ ಪೂರ್ಣವನ್ನು ಕಟ್ಟದ, ಹಳೆಯ ಪೂರ್ಣಕ್ಕೆ ದಾರಿಯನ್ನೂ ತೋರದ ಆಯ್ಕೆ ಅರೆಗೆಲಸ.

1999ರ ಈ ಸಂಕಲನಕ್ಕೆ ಚರಮಗೀತೆಯ ಗಾಂಭೀರ್ಯವಿತ್ತು. ಮೇಳದ ಕಥೆ ಮುಗಿಯಿತೆಂದೇ ಕೇಳುಗರು ಭಾವಿಸಿದರು. ಆದರೆ ಮುಗಿದಿರಲಿಲ್ಲ. ಮುನಿಸು ಮರೆತು ಮೇಳವು ಮತ್ತೆ ಕೂಡಿ ಆರನೆಯ ಸಂಪುಟಕ್ಕೆ ಕೈಹಾಕಿತು. ಅದು ಹೊರಬರುವ ಮುನ್ನ, 2016ರ ಮಾರ್ಚ್ 22ರಂದು, ಮಧುಮೇಹದಿಂದ ಬಹುಕಾಲ ಬಳಲಿದ ಫೈಫ್ ಡಾಗ್ 45ರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ನವೆಂಬರಿನಲ್ಲಿ ಅವರ ದನಿಯನ್ನು ಹೊತ್ತ ಸಂಪುಟವು ಪ್ರಕಟವಾಗಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನವನ್ನೇರಿತು. ಇಂದು ಆ ದನಿ ಬೆಳೆದ ದಾರಿಯನ್ನು ಅರಿಯಲು ನಮಗಿರುವ ಸಾಧನ ಸಂಪುಟಗಳ ಕ್ರಮವೊಂದೇ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ‘ದಿ ಲೋ ಎಂಡ್ ಥಿಯರಿ’ಯನ್ನು ಸೇರಿಸಿದಾಗ ಬಿಡಿಹಾಡನ್ನು ಆರಿಸದೆ ಇಡೀ ಸಂಪುಟವನ್ನೇ ಆರಿಸಿಕೊಂಡಿದ್ದು ಈ ದೃಷ್ಟಿಯಿಂದ ಉಚಿತವೇ ಆಗಿದೆ.

ತರಗತಿಯಲ್ಲಿ ಆಯ್ದ ಭಾಗಗಳನ್ನು ಬೋಧಿಸಿಯೇ ಬದುಕುವ ನನ್ನಂತಹ ಅಧ್ಯಾಪಕರಿಗೆ ಈ ಮಾತು ತಟ್ಟದಿರಲಾರದು. ಆಯ್ದುದನ್ನು ಕೊಡದೆ ನಮಗೆ ಗತಿಯಿಲ್ಲ. ಅದನ್ನೇ ಪೂರ್ಣವೆಂದು ನಂಬಿಸುವ ಹಕ್ಕೂ ನಮಗಿಲ್ಲ. ‘ದಿ ಆಂಥಾಲಜಿ’ಯನ್ನು ಕೇಳಿ ಮೆಚ್ಚಿದ ವಿದ್ಯಾರ್ಥಿಗೆ ನಾನು ಹೇಳುವುದು ಇಷ್ಟೆ: ಮೆಚ್ಚಿದ ಹಾಡು ಯಾವ ಸಂಪುಟದ್ದೆಂದು ನೋಡು, ಒಂದು ಸಂಜೆಯನ್ನು ಬಿಡುವು ಮಾಡಿಕೊಂಡು, ಆ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ ಯಾವುದನ್ನೂ ಹಾರಿಸದೆ ಕೇಳು. ಆಮೇಲೆ ಆ ಹಾಡು ನಿನಗೆ ಬೇರೆಯಾಗಿ ಕೇಳಿಸೀತು.