ರೊಚ್ಚಮೆಲೋನೆ: ಒಂದು ಹಗಲಿನ ಶಿಖರಯಾತ್ರೆ

ಯುರೋಪು ಖಂಡದ ಆಲ್ಪ್ಸ್ ಪರ್ವತಗಳೆಂದೊಡನೆ ಹಿಮದ ಹಾಸು, ಹಗ್ಗ, ಹಿಮಗೊಡಲಿಗಳೇ ನಮ್ಮ ಕಣ್ಣೆದುರಿಗೆ ನಿಲ್ಲುವುವು. ಆದರೆ ಬೇಸಗೆಯಲ್ಲಿ ದಾರಿಯ ಹಿಮ ಕರಗಿದ ಮೇಲೆ, ಗಟ್ಟಿಯಾದ ಕಾಲುಗಳನ್ನೇ ನಂಬಿ ಒಂದೇ ಹಗಲಿನಲ್ಲಿ ಹತ್ತಿಳಿಯಬಹುದಾದ ಉನ್ನತ ಶಿಖರವೊಂದು ಇಟಲಿಯ ವಾಯವ್ಯ ಭಾಗದಲ್ಲಿ, ಸೂಸಾ ಪಟ್ಟಣದ ನೆತ್ತಿಯ ಮೇಲೆಯೇ ಇರುವುದು. ಅದರ ಹೆಸರು ರೊಚ್ಚಮೆಲೋನೆ. ಎತ್ತರ 3538 ಮೀಟರು, ಎಂದರೆ ಸುಮಾರು 11,600 ಅಡಿ.

ಈ ಶಿಖರದ ಕೀರ್ತಿ ಹಳೆಯದು. 1358ನೆಯ ಇಸವಿ ಸೆಪ್ಟೆಂಬರ್ 1ರಂದು ಆಸ್ಟಿ ನಗರದ ಬೊನಿಫಾಚೊ ರೊತಾರಿಯೊ ಎಂಬವನು ಮೇರಿಮಾತೆಯ ಚಿತ್ರವುಳ್ಳ ಲೋಹದ ಫಲಕವನ್ನು ಹೊತ್ತು ತುದಿಯನ್ನು ಮುಟ್ಟಿದನು. ಸೆರೆಯಲ್ಲಿದ್ದಾಗ ಹೊತ್ತ ಹರಕೆಯನ್ನು ಹೀಗೆ ತೀರಿಸಿದನೆಂದು ಪ್ರತೀತಿ. 1899ರಲ್ಲಿ ಇಟಲಿಯ ಲಕ್ಷಕ್ಕೂ ಮೀರಿದ ಮಕ್ಕಳು ಬಿಡಿಕಾಸುಗಳನ್ನು ಕೂಡಿಸಿ ಮಾಡಿಸಿದ ಮೇರಿಮಾತೆಯ ಕಂಚಿನ ಪ್ರತಿಮೆಯನ್ನು ಪರ್ವತದಳದ ಸೈನಿಕರು ಬಿಡಿಬಿಡಿಯಾಗಿ ಹೊತ್ತೊಯ್ದು ಅಲ್ಲಿ ನಿಲ್ಲಿಸಿದರು. ಪ್ರತಿವರ್ಷವೂ ಆಗಸ್ಟ್ 5ರಂದು ಭಕ್ತರು ಅಲ್ಲಿಗೆ ಯಾತ್ರೆ ಹೋಗುವರು.

ಸುಮಾರು 2200 ಮೀಟರು ಎತ್ತರದ ಲಾ ರಿಪೋಸಾದವರೆಗೆ ಈಗ ಮೋಟಾರು ಹೋಗುವುದು. ಅಲ್ಲಿಂದ ಕಾಲುದಾರಿಯು ಹುಲ್ಲುಗಾವಲಿನಲ್ಲಿ ಅಂಕುಡೊಂಕಾಗಿ ಏರುತ್ತ, 2854 ಮೀಟರಿನಲ್ಲಿರುವ ಕಾ ದಾಸ್ಟಿ ಎಂಬ ತಂಗುಮನೆಯನ್ನು ಸೇರುವುದು. ಮುಂದೆ ಹುಲ್ಲು ಮುಗಿದು ಕಲ್ಲು ಮೊದಲಾಗುವುದು. ಕೊನೆಯ ಕಡಿದಾದ ಭಾಗದಲ್ಲಿ ಕೈಯಾಸರೆಗೆಂದು ಬಂಡೆಗೆ ಹಗ್ಗ ಬಿಗಿದಿರುವರು. ಏರುವುದಕ್ಕೆ ನಾಲ್ಕು ಗಂಟೆ, ಇಳಿಯುವುದಕ್ಕೆ ಮೂರು ಗಂಟೆ ಹಿಡಿಯಬಹುದು.

ಇಷ್ಟೇ ತಾನೆ ಎಂದು ವಾಚಕರು ತಿಳಿಯಬಾರದು. ಸುಲಭವೆಂಬ ಹೆಸರಿನಲ್ಲಿಯೇ ಇಲ್ಲಿಯ ಅಪಾಯವು ಅಡಗಿರುವುದು. ತುದಿಯಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಬೆಳಗಿನಲ್ಲಿ ಕಣಿವೆಯನ್ನು ಬಿಟ್ಟು ಮಧ್ಯಾಹ್ನಕ್ಕೆ ಅಲ್ಲಿ ನಿಲ್ಲುವವನ ಶರೀರಕ್ಕೆ ಹೊಂದಿಕೊಳ್ಳಲು ಸಮಯವೆಲ್ಲಿ? ತಲೆನೋವು, ಓಕರಿಕೆಗಳು ತೋರಿದರೆ ಏರುವುದನ್ನು ನಿಲ್ಲಿಸಬೇಕು. ಅವು ಹೆಚ್ಚುತ್ತಿದ್ದರೆ ಕೆಳಗಿಳಿಯುವುದೇ ಮದ್ದು. ಇನ್ನು ಬೇಸಗೆಯ ಅಪರಾಹ್ನಗಳಲ್ಲಿ, ಬಿಸಿಲಿಗೆ ಕಾದ ಗಾಳಿಯು ಮೇಲೇರಿ ಮೋಡಗಟ್ಟಿ, ಗುಡುಗು ಸಿಡಿಲುಗಳು ಹಠಾತ್ತನೆ ಎರಗುವುದುಂಟು. ಬೋಳುಕಲ್ಲಿನ ಏಣಿನ ಮೇಲೆ ಆಗ ಮರೆ ಎಂಬುದಿಲ್ಲ.

ಆದುದರಿಂದ ನಸುಕಿನಲ್ಲಿಯೇ ಹೊರಡಬೇಕು. ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು. ದಣಿದ ಮೇಲೆ ತುದಿಯ ಆಸೆಯೇ ಹೆಚ್ಚಿ ವಿವೇಕವು ಕುಗ್ಗುವುದು. “ಇನ್ನರ್ಧ ಗಂಟೆ ಮಾತ್ರ” ಎಂಬ ಮಾತಿಗೆ ಆಗ ಕಿವಿಗೊಡದೆ, ಗುಂಪಿನಲ್ಲಿ ಎಲ್ಲರಿಗಿಂತ ಬಳಲಿದವನ ಶಕ್ತಿಯನ್ನು ನೋಡಿ ನಡೆಯಬೇಕು. ಮನೆಯವರನ್ನು ಕರೆದುಕೊಂಡು ಬೆಟ್ಟವೇರುವ ಯಜಮಾನನಿಗೆ ಇದು ಮೊದಲನೆಯ ಧರ್ಮ.

ಅರ್ಧದಲ್ಲಿ ಹಿಂದಿರುಗಿದವರು ನಾಚಬೇಕಾದುದಿಲ್ಲ. ಕಾಸು ಕೊಟ್ಟ ಆ ಮಕ್ಕಳಲ್ಲಿ ಎಷ್ಟು ಮಂದಿ ಶಿಖರವನ್ನು ಕಂಡಾರು? ಆದರೂ ಅಲ್ಲಿ ನಿಂತಿರುವ ಪ್ರತಿಮೆ ಅವರದೇ. ಬೆಟ್ಟವು ಮುಂದಿನ ಬೇಸಗೆಗೂ ಅಲ್ಲಿಯೇ ಇರುವುದು. ಹತ್ತುವವರು ಕ್ಷೇಮವಾಗಿ ಮನೆಗೆ ಬಂದಿದ್ದರಾಯಿತು.