ಅನುಮಾನ ಕಂಪನಿಯದು, ಹೊಣೆ ಯಾರದು?

ಮೋಸದ ವಾಸನೆ ಬಡಿದ ಮೇಲೆ ವಿಮೆ ಕಂಪನಿ ಕಣ್ಣುಮುಚ್ಚಿ ಕೂರುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2013ರ ಜನವರಿಯಲ್ಲೇ ಸುತ್ತೋಲೆ ಹೊರಡಿಸಿ ಈ ಹೊಣೆಯನ್ನು ಕಂಪನಿಗಳ ತಲೆಗೆ ಕಟ್ಟಿತ್ತು. ಅದರ ಬದಲಿಗೆ 2025ರ ಅಕ್ಟೋಬರ್‌ನಲ್ಲಿ ಇನ್ನೂ ಬಿಗಿಯಾದ ಮಾರ್ಗಸೂಚಿ ಬಂತು. ಜಾರಿಗೆ ಗೊತ್ತುಮಾಡಿದ ದಿನ 2026ರ ಏಪ್ರಿಲ್ 1. ಕಂಪನಿಯೊಳಗೆ ವಂಚನೆ ಮೇಲೆ ಕಣ್ಣಿಡುವ ಸಮಿತಿ ಇರಬೇಕು, ಪೊಲೀಸರಿಗೆ ವರದಿ ಹೋಗಬೇಕು, ಪ್ರಾಧಿಕಾರಕ್ಕೆ ವರ್ಷವರ್ಷ ಲೆಕ್ಕ ಒಪ್ಪಿಸಬೇಕು.

ಇದು ಕಂಪನಿಯ ಮನೆವಾರ್ತೆ, ನಮಗೇನು ಅಂತ ರೈತರು, ವ್ಯಾಪಾರಸ್ಥರು ಕೇಳಬಹುದು. ಸಂಬಂಧ ಇದೆ. ವಂಚನೆ ಅಂದ್ರೆ ಪಾಲಿಸಿದಾರ ಮಾಡಿದ್ದು ಮಾತ್ರ ಅಲ್ಲ. ಏಜೆಂಟ್ ಮಾಡಿದ್ದೂ, ಕಂಪನಿಯ ನೌಕರನೇ ಮಾಡಿದ್ದೂ ವಂಚನೆಯೇ, ಅದನ್ನೂ ವರದಿ ಮಾಡಲೇಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ಕನ್ನಡದಲ್ಲಿ ಅಂತೀವಿ, ‘ಕಂಚೇ ಚೇನು ಮೇಸ್ತೇ’ ಅಂತ ತೆಲುಗಿನಲ್ಲಿ ಅಂತಾರೆ. ಎರಡು ಭಾಷೆಗೂ ಗೊತ್ತಿದ್ದ ಸತ್ಯವನ್ನು ಕಾನೂನೂ ಒಪ್ಪಿಕೊಂಡಿದೆ.

ಸೊಲ್ಲಾಪುರ, ಜತ್ತ ಕಡೆಯ ರೈತರಿಗೆ ಇದರ ಬಿಸಿ ಗೊತ್ತು. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಒಂದು ರೂಪಾಯಿಗೆ ಬೆಳೆವಿಮೆ ಕೊಟ್ಟಿತು. ಅರ್ಜಿ ತುಂಬಿದ ಸೇವಾ ಕೇಂದ್ರಕ್ಕೆ ಅರ್ಜಿಯೊಂದಕ್ಕೆ 40 ರೂಪಾಯಿ ಸಿಗುತ್ತಿತ್ತು. ಸರ್ಕಾರಿ ಜಮೀನು, ಪರರ ಜಮೀನಿನ ಮೇಲೂ ಬೋಗಸ್ ಅರ್ಜಿ ಬಿದ್ದವು. 2025ರಲ್ಲಿ ಒಂದು ರೂಪಾಯಿ ಯೋಜನೆಯೇ ನಿಂತುಹೋಯಿತು. ಈಗ ಪ್ರಾಮಾಣಿಕ ರೈತನೂ ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಬೆಳೆಗೆ ಶೇ. 5ರವರೆಗೆ ಕಟ್ಟಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮೊದಲ ವರ್ಷವೇ ಕಳ್ಳರನ್ನು ಹಿಡಿದುಕೊಟ್ಟಿದ್ದರೆ ಉಳಿದವರಿಗೆ ಈ ಬರೆ ಬೀಳುತ್ತಿರಲಿಲ್ಲ.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖ ನಮ್ಮಂಥ ಗಡಿನಾಡಿನವರನ್ನೇ ಹೆಚ್ಚು ಸುಡುತ್ತದೆ. ರಾಯದುರ್ಗ, ಮಡಕಶಿರಾ, ಆದೋನಿ ಕಡೆ ಒಬ್ಬನಿಗೇ ಎರಡು ತರಹದ ಹೆಸರು. ಅಡಂಗಲ್ಲಿನಲ್ಲಿ ಇಂಟಿಪೇರು ಮೊದಲು, ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆ ಹೆಸರು, ಆಧಾರಿನಲ್ಲಿ ಮತ್ತೊಂದು ನಮೂನೆ. ಗಂಡ ಸತ್ತ ಮೇಲೆ ಹೆಣ್ಣುಮಗಳು ಕಾಗದ ಹಿಡಿದು ಹೋದರೆ ‘ಹೆಸರು ಕೂಡ್ತಾ ಇಲ್ಲ, ಅನುಮಾನ ಇದೆ’ ಅಂತ ಗುಮಾಸ್ತ ಅರ್ಜಿ ಪಕ್ಕಕ್ಕಿಡಬಹುದು. ಅನುಮಾನವೇ ವಂಚನೆ ಅಲ್ಲ. ವರದಿ ಮಾಡು ಅಂತ ಕಾನೂನು ಹೇಳಿದ್ದು ತನಿಖೆಗಾಗಿ, ಬಡವರ ದುಡ್ಡು ತಡೆಹಿಡಿಯಲಿಕ್ಕಲ್ಲ.

ಅದಕ್ಕೆ ಕಾನೂನಿನಲ್ಲೇ ಲಗಾಮೂ ಇದೆ. ವಿಮಾ ಕಾಯಿದೆಯ 45ನೇ ಕಲಮಿನ ಪ್ರಕಾರ ಜೀವವಿಮೆ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ನಡುವೆ ನಿಂತುಹೋಗಿ ಮತ್ತೆ ಚಾಲೂ ಆದ ಪಾಲಿಸಿಗೆ ಆ ದಿನದಿಂದ ಎಣಿಕೆ. ಮೂರು ವರ್ಷದೊಳಗೆ ವಂಚನೆ ಎಂದರೆ ಅದರ ಕಾರಣ, ಆಧಾರ ಎರಡನ್ನೂ ಬರೆದು ಕೊಡಬೇಕು. ಆದರೆ ಪಾಲಿಸಿದಾರ ಸತ್ತಿದ್ದರೆ ವಂಚನೆ ಅಲ್ಲವೆಂದು ತೋರಿಸುವ ಭಾರ ವಾರಸುದಾರರ ಮೇಲೇ ಬೀಳುತ್ತದೆ. ಆದ್ದರಿಂದಲೇ ಆ ಕಾಗದ ಕೈಗೆ ಬರಲೇಬೇಕು. 2024ರ ನಿಯಮದಂತೆ ಮರಣದ ಕ್ಲೇಮು 15 ದಿನದಲ್ಲಿ, ತನಿಖೆ ಬೇಕಿದ್ದರೆ 45 ದಿನದಲ್ಲಿ ಇತ್ಯರ್ಥವಾಗಬೇಕು.

ಹಾಗಾಗಿ ‘ಅನುಮಾನ’ ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಬರಬೇಡಿ. ಏನು ಅನುಮಾನ, ಯಾರ ಮೇಲೆ, ಬರೆದು ಕೊಡಿ ಎನ್ನಿ. ಕಂಪನಿಗೆ ಲಿಖಿತ ದೂರು ಕೊಟ್ಟು ತಿಂಗಳಲ್ಲಿ ಸರಿಯಾದ ಜವಾಬು ಬರದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಆಂಧ್ರ, ತೆಲಂಗಾಣದವರಿಗೆ ಹೈದರಾಬಾದು, ಹೊಸೂರು, ತಾಳವಾಡಿಯವರಿಗೆ ಚೆನ್ನೈ, ಕಾಸರಗೋಡಿನವರಿಗೆ ಕೊಚ್ಚಿ, ಸೊಲ್ಲಾಪುರದವರಿಗೆ ಪುಣೆ. ಫೀಜಿಲ್ಲ, ವಕೀಲರ ಹಂಗಿಲ್ಲ, 50 ಲಕ್ಷದವರೆಗೆ ತೀರ್ಪು ಕೊಡಬಲ್ಲರು. ಬೆಳೆವಿಮೆಯ ದೂರಿಗೆ 14447 ನಂಬರಿದೆ.

ಕಳ್ಳನನ್ನು ಹಿಡಿದುಕೊಡುವುದು ಕಂಪನಿಯ ಕೆಲಸ, ಅದಕ್ಕೆ ನಾವೂ ಸಾಕ್ಷಿ ನಿಲ್ಲೋಣ. ಆದರೆ ಪೊಲೀಸರ ಮುಂದೆ ಹೇಳಲಿಕ್ಕೆ ಧೈರ್ಯವಿಲ್ಲದ ಅನುಮಾನವನ್ನು ವಿಧವೆಯ ಮುಂದೆ ಹೇಳುವ ಹಕ್ಕು ಯಾವ ಕಂಪನಿಗೂ ಇಲ್ಲ.